ಕಂತುನಿಷ್ಠರು

ಕನ್ನಡದಲ್ಲಿ ‘ಕಂತು’ ಎಂಬ ಪುಟ್ಟ ಪದಕ್ಕೆ ಮೂರು ಅರ್ಥಗಳಿವೆ. ಹಳೆಯ ಕಾವ್ಯಗಳಲ್ಲಿ ಅದು ಮನ್ಮಥನ ಹೆಸರು. ಮನ್ಮಥನ ತಂದೆಯೆಂಬ ಕಾರಣಕ್ಕೆ ವಿಷ್ಣುವನ್ನು ಕಂತುಪಿತನೆಂದು ಕರೆದಿರುವುದನ್ನು ಹರಿಭಕ್ತರೆಲ್ಲ ಬಲ್ಲರು. ಕ್ರಿಯಾಪದವಾದಾಗ ಅದಕ್ಕೆ ಮುಳುಗು ಎಂಬ ಅರ್ಥ ಬಂದು, ಸಂಜೆಗೆ ಹೊತ್ತು ಕಂತುತ್ತದೆ. ಮೂರನೆಯದು, ಸಾಲವನ್ನು ಒಂದೇ ಸಲಕ್ಕೆ ತೀರಿಸಲಾರದವನು ತಿಂಗಳಿಗಿಷ್ಟೆಂದು ಕಟ್ಟುವ ಹಣ. ನಿಘಂಟಿನಲ್ಲಿ ಇವು ಬೇರೆ ಬೇರೆಯಾಗಿ ಕುಳಿತಿದ್ದರೂ, ಮೊದಲು ಬಯಕೆ, ಆಮೇಲೆ ಮುಳುಗಡೆ, ಕೊನೆಗೆ ತಿಂಗಳ ಹಣ ಎಂಬ ಕ್ರಮದಲ್ಲಿ ಮೂರೂ ಒಬ್ಬನೇ ಮನುಷ್ಯನಲ್ಲಿ ಕೂಡಿಬರುವುದನ್ನು ನೋಡಬಯಸುವವರು, ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳಲ್ಲಿ, ಅಂದರೆ ಆಶ್ವಯುಜ ಹುಣ್ಣಿಮೆಯ ನಂತರದ ಮೊದಲ ಗುರುವಾರದಿಂದ ಬಲಿಪಾಡ್ಯಮಿಯ ಮರುದಿನದವರೆಗೆ, ಹಾಸನದ ಬಿ.ಎಂ. ರಸ್ತೆಯ ಯಾವುದಾದರೂ ದೊಡ್ಡ ಟಿ.ವಿ. ಅಂಗಡಿಯ ಮುಂದೆ ಅರ್ಧ ಗಂಟೆ ನಿಂತರೆ ಸಾಕು. ವರ್ಷಕ್ಕೊಮ್ಮೆ ಸಿಗುವ ದರ್ಶನವನ್ನು ಮುಗಿಸಿ, ಪ್ರಸಾದದ ಪೊಟ್ಟಣದೊಂದಿಗೆ ಅಂಗಡಿ ಹೊಕ್ಕು, ಅಂಗಡಿ ಕಾರ್ಡಿನೊಂದಿಗೆ ಹೊರಬರುವವರಲ್ಲಿ ಹತ್ತಕ್ಕೊಬ್ಬರಾದರೂ ಈ ಬರಹದ ವಿಷಯವಾದ ಕಂತುನಿಷ್ಠರಾಗಿರುತ್ತಾರೆ.

ಅಂಗಡಿ ಕಾರ್ಡು ಎಂದರೆ ಒಂದು ಮಳಿಗೆಯೂ ಒಂದು ಬ್ಯಾಂಕೂ ಜೊತೆಗೂಡಿ ಹೊರಡಿಸುವ ಕ್ರೆಡಿಟ್ ಕಾರ್ಡು. ಅದರ ಮುಖದ ಮೇಲೆ ಮಳಿಗೆಯ ಹೆಸರು ಲಗ್ನಪತ್ರಿಕೆಯಲ್ಲಿ ವಧೂವರರ ಹೆಸರಿನಂತೆ ಮೆರೆಯುತ್ತಿದ್ದರೆ, ನಿಜವಾಗಿ ಸಾಲ ಕೊಟ್ಟಿರುವ ಬ್ಯಾಂಕಿನ ಹೆಸರು ಅದೇ ಪತ್ರಿಕೆಯ ಕೆಳತುದಿಯಲ್ಲಿ ಛಾಪಿಸಿದ ಪ್ರೆಸ್ಸಿನ ಹೆಸರಿನಂತೆ ಇರುತ್ತದೆ. ಕಾರ್ಡನ್ನು ಉಜ್ಜಿ ಸಾಮಾನು ಕೊಂಡ ಮೇಲೆ ತಿಂಗಳಿಗೊಮ್ಮೆ ಬಿಲ್ಲು ಬರುತ್ತದೆ. ಅದರಲ್ಲಿ ಒಟ್ಟು ಬಾಕಿ, ಕನಿಷ್ಠ ಬಾಕಿ, ಗಡುವಿನ ದಿನ ಎಂಬ ಮೂರು ಅಂಶಗಳಿರುತ್ತವೆ. ದೊಡ್ಡ ಮೊತ್ತವಾದರೆ ಅದನ್ನು ಹನ್ನೆರಡೋ ಹದಿನೆಂಟೋ ಸಮಕಂತುಗಳಾಗಿ ಹರಿದು ಹಂಚಬಹುದು, ಇದಕ್ಕೆ ಇ.ಎಂ.ಐ. ಎಂದು ಹೆಸರು. ಇದರಲ್ಲಿ ‘ಶೂನ್ಯ ಬಡ್ಡಿ’ ಎಂಬ ಒಂದು ಪ್ರಭೇದವೂ ಇದ್ದು, ಹಾಗೆನ್ನುವ ಯೋಜನೆಗಳಲ್ಲಿ ಬಡ್ಡಿಯು ಸಂಸ್ಕರಣಾ ಶುಲ್ಕದ ವೇಷದಲ್ಲಿ ಬರುತ್ತದೆಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲಿಯೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಕಂತುನಿಷ್ಠನಿಗೆ ಇದನ್ನು ತಿಳಿಸಿದರೆ ಆತ ನಗುತ್ತಾನೆ. ಬಡ್ಡಿಯಿಲ್ಲದ ಸಾಲವನ್ನು ಮಾವನ ಮನೆಯವರೂ ಕೊಡುವುದಿಲ್ಲವೆಂಬುದು ಆತನಿಗೆ ರಿಸರ್ವ್ ಬ್ಯಾಂಕಿಗಿಂತ ಮೊದಲೇ ಗೊತ್ತು.

ಈ ವ್ಯಕ್ತಿಯನ್ನು ಅರ್ಥಮಾಡಿಕೊಳ್ಳಲು ಕಾರ್ಡಿಗೆ ಹಿಂದಿನ ವ್ಯವಸ್ಥೆಯನ್ನು ನೋಡಬೇಕಾಗುತ್ತದೆ. ಹಳೆ ಮೈಸೂರು ಸೀಮೆಯಲ್ಲಿ ಹಾಲು, ಮೊಸರು, ದಿನಸಿಗಳನ್ನು ಒಂದೇ ಕಡೆಯಿಂದ ತಿಂಗಳುಗಟ್ಟಲೆ ಕೊಂಡು ಆಮೇಲೆ ಹಣ ಕೊಡುವ ಏರ್ಪಾಟಿಗೆ ‘ವರ್ತನೆ’ ಎನ್ನುತ್ತಿದ್ದರು. ವರ್ತನೆಯ ಅಂಗಡಿಯಲ್ಲಿ ‘ಲೆಕ್ಕಕ್ಕೆ ಬರ್ಕೊಳಿ’ ಎಂದರೆ ಉದ್ದನೆಯ ಪುಸ್ತಕವೊಂದರಲ್ಲಿ ಸಾಲು ಬೀಳುತ್ತಿತ್ತು, ಹಣ ಸಂದಾಗ ಆ ಸಾಲಿನ ಮೇಲೆ ಗೆರೆ ಬೀಳುತ್ತಿತ್ತು. ಗಡುವಿನ ದಿನವೆಂಬುದೇನೋ ಇತ್ತು, ಆದರೆ ಅದು ನೆಲದಲ್ಲಿ ಬೆಳೆಯುತ್ತಿತ್ತು. ಜಲಂಧರಿನಿಂದ ಬಂದ ಬಿತ್ತನೆ ಆಲೂಗಡ್ಡೆಯನ್ನು ಮುಂಗಾರಿನಲ್ಲಿ ಊರಿದ ಹಾಸನದ ರೈತನಿಗೆ ಗಡ್ಡೆ ಕಿತ್ತ ದಿನವೇ ಗಡುವಾದರೆ, ಅರಕಲಗೂಡಿನ ಹೊಗೆಸೊಪ್ಪಿನವನಿಗೆ ರಾಮನಾಥಪುರದ ಹರಾಜು ಕಟ್ಟೆ ತೆರೆದ ಮೇಲೆ, ಚನ್ನರಾಯಪಟ್ಟಣದ ತೆಂಗಿನ ತೋಟದವನಿಗೆ ಕೊಬ್ಬರಿ ಒಣಗಿದ ಮೇಲೆ. ಆಲೂಗಡ್ಡೆಗೆ ಅಂಗಮಾರಿ ಬಿದ್ದರೆ ಗಡುವೂ ಕೊಳೆತು ಮುಂದಿನ ವರ್ಷಕ್ಕೆ ಹೋಗುತ್ತಿತ್ತು. ಅಂಗಡಿಯವರು ಬೈಯುತ್ತಿರಲಿಲ್ಲವೆಂದಲ್ಲ, ಬೈದ ಮೇಲೆ ಮತ್ತೆ ಬರೆದುಕೊಳ್ಳುತ್ತಿದ್ದರು. ಭೂತವನ್ನು ಮರಳಿಸಲು ಜನ ಮನೆಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದ ನಾಡಿನಲ್ಲಿಯೇ, ಸಾಲಗಾರನನ್ನು ಮರಳಿಸಲು ಅಂಗಡಿಯವರು ‘ಇಂದು ನಗದು, ನಾಳೆ ಸಾಲ’ ಎಂದು ಬರೆದರು, ಮತ್ತು ಭೂತಕ್ಕಿಂತ ಸಾಲಗಾರನಿಗೆ ಓದುಬರಹ ಕಡಿಮೆಯೆಂಬುದು ಆ ಬೋರ್ಡಿನ ಕೆಳಗೇ ಸಾಬೀತಾಗುತ್ತಿತ್ತು.

ವರ್ತನೆ ಎಂಬ ಪದಕ್ಕೆ ನಡತೆ ಎಂಬ ಅರ್ಥವೂ ಇರುವುದು ಇಲ್ಲಿ ಗಮನಾರ್ಹ. ಇಂದು ಸಾಲಗಾರನ ನಡತೆಯನ್ನು ಅಳೆಯುವ ಕೆಲಸವನ್ನು 2000ದಲ್ಲಿ ಸ್ಥಾಪನೆಯಾದ ಸಿಬಿಲ್‌ನಂತಹ ಸಂಸ್ಥೆಗಳು 300ರಿಂದ 900ರವರೆಗಿನ ಅಂಕಗಳಲ್ಲಿ ಮಾಡುತ್ತವೆ. ಹಿಂದೆ ಅದನ್ನು ವರ್ತನೆಯ ಅಂಗಡಿಯ ಶೆಟ್ಟರ ಹುಬ್ಬುಗಳು ಮಾಡುತ್ತಿದ್ದವು.

ಕಂತುನಿಷ್ಠನು ಆ ಪುಸ್ತಕದ ಕಾಲದಲ್ಲಿ ಹುಟ್ಟಿ ಈ ಕಾರ್ಡಿನ ಕಾಲದಲ್ಲಿ ನಿವೃತ್ತನಾದವನು. ಆತನ ಜೀವನದರ್ಶನವು ಕನ್ನಡದ ಎರಡು ಕ್ರಿಯೆಗಳ ನಡುವಿನ ಅಂತರದಲ್ಲಿ ಅಡಗಿದೆ: ಒಂದು ಹಣ ‘ಕಟ್ಟುವುದು’, ಇನ್ನೊಂದು ಹಣ ‘ಕಟ್ ಆಗುವುದು’. ಗಡುವಿನ ದಿನ ಬ್ಯಾಂಕು ತಾನಾಗಿಯೇ ಖಾತೆಯಿಂದ ಹಣ ತೆಗೆದುಕೊಳ್ಳಲು ಗ್ರಾಹಕನು ಮೊದಲೇ ಒಪ್ಪಿಗೆ ಬರೆದುಕೊಡುವ ಪದ್ಧತಿಯೊಂದಿದೆ. ಕೋಟ್ಯಂತರ ಜನರಿಗೆ ಅದು ನೆಮ್ಮದಿ ತಂದಿದೆ. ಕಂತುನಿಷ್ಠನಿಗೆ ಅದು ಜೇಬುಗಳ್ಳತನದ ಇನ್ನೊಂದು ಹೆಸರು. ಸಾಲ ಮಾಡಿದವನು ಸ್ನಾನ ಮಾಡಿ, ಇಸ್ತ್ರಿಯ ಅಂಗಿ ತೊಟ್ಟು, ನಾಲ್ಕು ಜನ ನೋಡುವಂತೆ ನಡೆದುಹೋಗಿ, ತನ್ನ ಕೈಯಾರೆ ಎಣಿಸಿ ಕೊಡಬೇಕು. ಮಲಗಿದ್ದಾಗ ಕಟ್ ಆದರೆ ಕೊಟ್ಟ ಮರ್ಯಾದೆ ಯಾರಿಗೆ ಸಲ್ಲಬೇಕು? ಈ ಪ್ರಶ್ನೆಗೆ ಬ್ಯಾಂಕಿಂಗ್ ಶಾಸ್ತ್ರದಲ್ಲಿ ಉತ್ತರವಿಲ್ಲ.

ಉದಾಹರಣೆಗೆ, ಕಚೇರಿಯೊಂದರಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದು ನಿವೃತ್ತರಾದ ಹಾಸನದ ಒಬ್ಬ ಹಿರಿಯರನ್ನು ಪರಿಶೀಲಿಸಬಹುದು. ಇವರನ್ನು ಆರಿಸಲು ವೈಜ್ಞಾನಿಕ ಕಾರಣವೇನೂ ಇಲ್ಲ, ಇವರ ಮನೆ ಪ್ರಸ್ತುತ ಬರಹದ ಕರ್ತೃವಿನ ಮನೆಗೆ ಎದುರಾಗಿದೆ, ಅಷ್ಟೆ. ಸುಮಾರು ಮೂವತ್ತು ಸಾವಿರ ರೂಪಾಯಿಯ ಟಿ.ವಿ.ಯೊಂದನ್ನು ಇವರು ಅಂಗಡಿ ಕಾರ್ಡಿನ ಮೇಲೆ ಹನ್ನೆರಡು ಕಂತಿಗೆ ಕೊಂಡರು. ಮೊದಲನೆಯ ಕಂತಿನ ದಿನ ಲಕೋಟೆಯಲ್ಲಿ ಹಣವಿಟ್ಟುಕೊಂಡು ನೇರವಾಗಿ ಅಂಗಡಿಗೇ ಹೋದಾಗ, ಕೌಂಟರಿನ ಹುಡುಗಿ ವಿನಯದಿಂದ, ‘ಇಲ್ಲಿ ಕಟ್ಸ್ಕೊಳಲ್ಲ ಅಂಕಲ್, ಆ್ಯಪಲ್ಲಿ ಕಟ್ಟಿ’ ಎಂದಳು. ‘ಸಾಮಾನು ಕೊಟ್ಟೋರು ನೀವು, ದುಡ್ಡಿಸ್ಕೊಳೋರು ಬೇರೆಯೋರಾ?’ ಎಂದು ಇವರು ಕೇಳಿದ್ದು ತರ್ಕದ ದೃಷ್ಟಿಯಿಂದ ನಿರ್ದುಷ್ಟವಾದುದು. ಬ್ಯಾಂಕಿನ ಶಾಖೆಯಲ್ಲಿ ನಗದು ಕಟ್ಟಲು ವಿಚಾರಿಸಿದರೆ, ಹಾಗೆ ಕಟ್ಟುವುದಕ್ಕೂ ಶುಲ್ಕವುಂಟೆಂದು ತಿಳಿಯಿತು. ಹಣ ಕೊಡುವುದಕ್ಕೆ ಹಣ ಕೊಡಬೇಕೆಂಬ ತತ್ತ್ವವನ್ನು ಒಪ್ಪದ ಇವರು, ಲಕೋಟೆಯನ್ನು ಹಾಗೆಯೇ ಹಿಡಿದುಕೊಂಡು ಎದುರು ಮನೆಯ ಗೇಟು ತೆಗೆದರು. ಅಂದಿನಿಂದ ಪ್ರತಿ ತಿಂಗಳ ಐದನೆಯ ತಾರೀಖು ಬೆಳಗ್ಗೆ ಏಳೂವರೆಗೆ, ಕರ್ತೃವು ಹಲ್ಲುಜ್ಜುವುದಕ್ಕೂ ಕಾಫಿ ಕುಡಿಯುವುದಕ್ಕೂ ನಡುವೆ, ‘ಒಂಚೂರು ಕಟ್‌ಬುಡಿ ಸಾರ್’ ಎಂಬ ಧ್ವನಿ ಕೇಳಿಬರತೊಡಗಿತು.

ಎರಡನೆಯ ತಿಂಗಳು ತೊಡಕು ಬಂತು. ಮೊದಲ ಬಿಲ್ಲು 2,775 ರೂಪಾಯಿಯಾಗಿದ್ದರೆ ಎರಡನೆಯದು 2,770 ಆಗಿತ್ತು. ಸಮಕಂತು ಎಂದ ಮೇಲೆ ಐದು ರೂಪಾಯಿ ಎಲ್ಲಿ ಹೋಯಿತು? ಕಾರಣ ಸರಳವಾದುದು: ಕಂತಿನ ಮೊತ್ತ ಪ್ರತಿ ತಿಂಗಳೂ ಒಂದೇ ಆಗಿದ್ದರೂ ಅದರೊಳಗಿನ ಬಡ್ಡಿಯ ಪಾಲು ತಿಂಗಳಿಂದ ತಿಂಗಳಿಗೆ ಇಳಿಯುತ್ತದೆ, ಆ ಬಡ್ಡಿಯ ಮೇಲೆ ಶೇಕಡಾ 18ರಂತೆ ಜಿ.ಎಸ್.ಟಿ. ಬೀಳುವುದರಿಂದ ತೆರಿಗೆಯೂ ಅದರೊಂದಿಗೆ ಇಳಿಯುತ್ತದೆ. ಇದನ್ನು ಕರ್ತೃವು ಒಮ್ಮೆ ಬಾಯಲ್ಲಿಯೂ, ಒಮ್ಮೆ ದಿನಪತ್ರಿಕೆಯ ಅಂಚಿನಲ್ಲಿಯೂ, ಒಮ್ಮೆ ದೋಸೆಯನ್ನು ತುಂಡುಮಾಡಿಯೂ ವಿವರಿಸಿದ ಮೇಲೆ ಹಿರಿಯರು, ‘ಅದೆಲ್ಲ ಸರಿ ಸಾರ್, ಜಾಸ್ತಿ ಆಗಿದ್ರೆ ಅವರ ಬುದ್ಧಿ ಅನ್ಕೋಬೋದು, ಕಮ್ಮಿ ಆಗದೆ ಅಂದ್ರೆ ಎಲ್ಲೋ ಏನೋ ಮಾಡ್ಕೊಂಡವ್ರೆ’ ಎಂದು ತೀರ್ಪಿತ್ತರು. ಸಹಾಯವಾಣಿಗೆ ಕರೆ ಮಾಡಬೇಕಾಯಿತು. ಇಪ್ಪತ್ತು ನಿಮಿಷ ಕೊಳಲಿನ ಸಂಗೀತವನ್ನು ಆಲಿಸಿದ ಬಳಿಕ ದೊರೆತ ಯುವಕನು ಕರ್ತೃವು ಹೇಳಿದ್ದನ್ನೇ ಇನ್ನೂ ಕೆಟ್ಟದಾಗಿ ಹೇಳಿದಾಗ, ‘ಹಂಗನ್ನಿ ಮತ್ತೆ!’ ಎಂದು ಹಿರಿಯರು ಪೂರ್ಣ ಸಮಾಧಾನಗೊಂಡರು. ಈ ವಿಚಾರಣೆಯು ಮೂರನೆಯ, ನಾಲ್ಕನೆಯ, ಐದನೆಯ ತಿಂಗಳುಗಳಲ್ಲಿಯೂ ನಡೆಯಿತು, ಏಕೆಂದರೆ ಆಗಲೂ ಐದೈದು ರೂಪಾಯಿ ಕಡಿಮೆಯಾಗಿತ್ತು.

ಒ.ಟಿ.ಪಿ., ಅಂದರೆ ಒಂದೇ ಬಾರಿಗೆ ಬಳಸತಕ್ಕ ಗುಪ್ತಸಂಖ್ಯೆ, ಬರುವವರೆಗಿನ ಅವಧಿಯು ಕಂತುನಿಷ್ಠನ ಮಾತುಗಾರಿಕೆಗೆ ಮೀಸಲು. 1982ರಲ್ಲಿ ಸ್ಥಾಪನೆಯಾದ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರವು ಹಾಸನದಲ್ಲಿಯೇ ಇದ್ದು, ಸುಮಾರು 36,000 ಕಿಲೋಮೀಟರು ಎತ್ತರದ ಉಪಗ್ರಹಗಳು ಇಲ್ಲಿಂದ ಹೋದ ಅಪ್ಪಣೆಯನ್ನು ಕೂಡಲೇ ಪಾಲಿಸುತ್ತವೆ. ಅದೇ ಊರಿನಲ್ಲಿ ಆರು ಅಂಕಿಗಳು ಮೊಬೈಲಿಗೆ ಬಂದು ಸೇರುವಷ್ಟರಲ್ಲಿ ಹಿರಿಯರು ತಮ್ಮ ಮಗಳ ಸೀಮಂತವನ್ನು ಎಲೆ ಹಾಕಿದಲ್ಲಿಂದ ತಾಂಬೂಲದವರೆಗೆ ವರ್ಣಿಸಿ ಮುಗಿಸುತ್ತಿದ್ದರು. ಹೇಮಾವತಿಯ ದಂಡೆಯ ಜನರ ನಗೆಯನ್ನು ಬರೆದಿಟ್ಟ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು (1904–1991) ಇಂಥವರನ್ನು ಕಂಡಿದ್ದರೆ ಒಂದು ಪುಸ್ತಕವೇ ಆಗುತ್ತಿತ್ತು. ಈ ಕರ್ತೃವಿಗೆ ಆಗಿದ್ದು ಕಾಫಿ ಆರಿದ್ದು ಮಾತ್ರ.

ಈ ಕುಲದ ದಾಯಾದಿಗಳ ಬಗ್ಗೆಯೂ ಒಂದೆರಡು ಮಾತು ಹೇಳಬೇಕು. ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನದ ಪ್ರಕಾರ ಗಡುವು ಮೀರಿ ಮೂರು ದಿನಕ್ಕಿಂತ ಹೆಚ್ಚಾದ ಮೇಲಷ್ಟೇ ತಡ ಶುಲ್ಕ ಹಾಕಬಹುದಾದ್ದರಿಂದ, ಗಡುವೇ ಮೂರು ದಿನ ಮುಂದೆ ಇದೆಯೆಂದು ನಂಬಿ ಬದುಕುವವರು ಕೆಲವರಿದ್ದಾರೆ. ಬಹುಮಾನದ ಅಂಕಗಳು ಸಿಗುತ್ತವೆಂದು ಬೇಡದ ಕುಕ್ಕರನ್ನು ಕೊಳ್ಳುವವರು ಮತ್ತೆ ಕೆಲವರು. ಇವರೆಲ್ಲರಿಗಿಂತ ದೊಡ್ಡ ಗುಂಪು ‘ಕನಿಷ್ಠ ಬಾಕಿ’ಯನ್ನಷ್ಟೇ ಕಟ್ಟಿ ಎದೆಯುಬ್ಬಿಸುವವರದು. ಇವರ ಗಣಿತ ಹೀಗಿರುತ್ತದೆ: ಕಂತಿಗೆ ಹಾಕದೆ ಬಿಟ್ಟ 30,000 ರೂಪಾಯಿಯ ಬಾಕಿಗೆ ಶೇಕಡಾ 5ರಂತೆ ಕನಿಷ್ಠ ಬಾಕಿ 1,500, ತಿಂಗಳಿಗೆ ಶೇಕಡಾ 3.5ರ ಬಡ್ಡಿಯೆಂದರೆ 1,050, ಅದರ ಮೇಲೆ ಜಿ.ಎಸ್.ಟಿ. 189. ಹೀಗೆ ಕಟ್ಟಿದ ಒಂದೂವರೆ ಸಾವಿರದಲ್ಲಿ ಅಸಲಿಗೆ ಸಂದದ್ದು 261 ರೂಪಾಯಿ, ಸಾಲದು ಎಂಬಂತೆ ಹೊಸದಾಗಿ ಕೊಂಡ ಉಪ್ಪು ಸೋಪಿಗೂ ಅಂದಿನಿಂದಲೇ ಬಡ್ಡಿ ಶುರು. ಕನಿಷ್ಠವನ್ನಷ್ಟೇ ಕಟ್ಟುತ್ತ ಹೋದರೆ ಸಾಲದ ಮರುಪಾವತಿಯು ತಿಂಗಳು, ವರ್ಷಗಳವರೆಗೆ ಚಕ್ರಬಡ್ಡಿಯೊಂದಿಗೆ ಲಂಬಿಸುತ್ತದೆಂಬ ಎಚ್ಚರಿಕೆಯನ್ನು ಬಿಲ್ಲಿನ ಮೇಲೆಯೇ ಮುದ್ರಿಸಬೇಕೆಂದು ಅದೇ ನಿರ್ದೇಶನ ಹೇಳಿರುವುದರಿಂದ, ಗೊತ್ತಿರಲಿಲ್ಲವೆಂದು ಹೇಳಿಕೊಳ್ಳುವ ಅವಕಾಶವೂ ಈ ಗುಂಪಿಗಿಲ್ಲ. ವಿದ್ಯಾವಂತರು, ವಿಶೇಷವಾಗಿ ಪತ್ರಿಕೆಗಳಿಗೆ ಬರೆಯುವವರು, ಇದರಲ್ಲಿ ಹೆಚ್ಚಾಗಿ ಕಂಡುಬರುತ್ತಾರೆ.

ಈ ಕೊನೆಯ ಮಾತಿಗೆ ಆಧಾರವು ಏಳನೆಯ ಕಂತಿನ ದಿನ ದೊರೆಯಿತು. ಹಿರಿಯರ ಕಾರ್ಡಿನ ಸಂಖ್ಯೆಯನ್ನು ಹುಡುಕುತ್ತಿದ್ದ ಕರ್ತೃವಿನ ಮೊಬೈಲಿನಲ್ಲಿ ಆತನದೇ ಕಾರ್ಡಿನ ಬಾಕಿ ಕೆಂಪಕ್ಷರದಲ್ಲಿ ಮೂಡಿತು, ಮತ್ತು ಬಿಲ್ಲು ಓದಲು ಎರಡು ಕನ್ನಡಕ ಬೇಕಾಗುವ ಹಿರಿಯರು ಇದನ್ನು ಬರಿಗಣ್ಣಿನಲ್ಲಿ ಓದಿದರು. ಬಹಳ ಹೊತ್ತು ಅವರು ಏನೂ ಹೇಳಲಿಲ್ಲ. ಮಗಳ ಸೀಮಂತದ ಪ್ರಸ್ತಾಪವೂ ಬರಲಿಲ್ಲ. ಹೊರಡುವಾಗ ಲಕೋಟೆಯಿಂದ ಎರಡು ಐನೂರರ ನೋಟು ತೆಗೆದು ದಿನಪತ್ರಿಕೆಯ ಕೆಳಗಿಟ್ಟು, ‘ಇಟ್ಕೊಂಡಿರಿ ಸಾರ್, ಆದಾಗ ಕೊಡೀರಂತೆ’ ಎಂದರು. ಅದಕ್ಕೆ ಬಡ್ಡಿಯೆಷ್ಟು, ಗಡುವೆಂದು ಎಂಬುದನ್ನು ಅವರು ತಿಳಿಸಲಿಲ್ಲ. ಕರ್ತೃವು ಆ ಹಣವನ್ನು ಮರುದಿನವೇ ಹಿಂತಿರುಗಿಸಿದನೆಂದು ಬರೆಯುವುದು ಗೌರವಯುತವಾಗಿರುತ್ತಿತ್ತು. ಹಿಂತಿರುಗಿಸಿದ್ದು ಎರಡು ಕಂತುಗಳಲ್ಲಿ.

ಎಲ್ಲ ಕಂತುನಿಷ್ಠರ ಬಳಿಯಂತೆ ಇವರ ಬಳಿಯೂ ಒಂದು ನೋಟುಪುಸ್ತಕವಿದೆ. ಆ್ಯಪಿನಲ್ಲಿ ಹಸಿರು ಗುರುತು ಬಂದುದನ್ನಾಗಲಿ, ಮೊಬೈಲಿಗೆ ಬಂದ ಸಂದೇಶವನ್ನಾಗಲಿ ಇವರು ರಸೀತಿಯೆಂದು ಒಪ್ಪುವುದಿಲ್ಲ. ಹೊಳೆನರಸೀಪುರದಲ್ಲಿ ಇವರ ತಂದೆ ಮಗನನ್ನು ಕೈಹಿಡಿದು ವರ್ತನೆಯ ಅಂಗಡಿಗೆ ಕರೆದೊಯ್ದು, ಸುಗ್ಗಿಯ ಹಣವನ್ನು ಎಣಿಸಿ ಕೊಟ್ಟ ದಿನ, ಶೆಟ್ಟರು ಪುಟದ ಮೇಲಿಂದ ಕೆಳಗೆ ಗೆರೆಯೆಳೆದು ಹುಡುಗನ ಅಂಗೈಗೆ ಕಲ್ಲುಸಕ್ಕರೆ ಹಾಕುತ್ತಿದ್ದರಂತೆ. ಅಂದು ಮನೆಗೆ ಹಿಂದಿರುಗುವಾಗ ತಂದೆ ಹೊಳೆಯ ದಂಡೆಯವರೆಗೂ ಏನೋ ಗುನುಗುತ್ತ ನಡೆಯುತ್ತಿದ್ದರಂತೆ. ಬ್ಯಾಂಕಿನ ಸಂದೇಶದಲ್ಲಿ ‘ಹಣ ಸ್ವೀಕೃತವಾಗಿದೆ, ಧನ್ಯವಾದಗಳು’ ಎಂದಿರುತ್ತದೆ, ಅದರ ಹಿಂದೆಯೇ ಇನ್ನೊಂದು ಲಕ್ಷದ ಸಾಲಕ್ಕೆ ತಾವು ಅರ್ಹರಿದ್ದೀರಿ ಎಂಬ ಮತ್ತೊಂದು ಸಂದೇಶವೂ ಬರುತ್ತದೆ. ಎರಡರಲ್ಲಿಯೂ ಗೆರೆಯಿರುವುದಿಲ್ಲ.

ಹನ್ನೆರಡನೆಯ ಕಂತು ಕಟ್ಟಿದ ದಿನ ಹಿರಿಯರು ನೋಟುಪುಸ್ತಕವನ್ನೂ ಕೆಂಪು ಪೆನ್ನನ್ನೂ ಮುಂದಿಟ್ಟು, ಗೆರೆಯನ್ನು ತಾವೇ ಎಳೆದುಕೊಳ್ಳಬಾರದು, ಇಸ್ಕೊಂಡವರು ಎಳೆಯಬೇಕು, ಅವರಿಲ್ಲದ್ದರಿಂದ ಕಟ್ಟಿಕೊಟ್ಟವರಾದರೂ ಎಳೆಯಲಿ ಎಂದರು. ಹನ್ನೆರಡು ಸಾಲುಗಳೂ ಅಲ್ಲಿದ್ದವು, ಐದೈದು ರೂಪಾಯಿ ಇಳಿಯುತ್ತ. ಕರ್ತೃವು ಮೇಲಿನ ಮೂಲೆಯಿಂದ ಕೆಳಗಿನ ಮೂಲೆಗೆ ಗೆರೆಯೆಳೆದನು. ಒಳಗಿನಿಂದ ಒಂದು ಚೂರು ಬೆಲ್ಲವೂ ಬಂತು. ಬೆಲ್ಲವನ್ನು ಬಾಯಿಗೆ ಹಾಕಿಕೊಂಡ ಹಿರಿಯರು ಪುಸ್ತಕವನ್ನು ದೂರ ಹಿಡಿದು, ಹತ್ತಿರ ಹಿಡಿದು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

‘ಸೊಟ್ಟಗಾಯ್ತು ಸಾರ್. ಶೆಟ್ರು ಸ್ಕೇಲ್ ಮಡಗಿ ಹೊಡೆಯೋರು.’