ದೊಡ್ಡ ಸರ್ವರಿಗೆ ದೊಡ್ಡ ಪಾಲು

ರಾಯರೇ, ನಿಮ್ಮ ಮಗ ಹೇಳ್ತಿದ್ದ ವಿಷಯ ತಲೇಲೇ ಇದೆ. ಮೂರು ಹಳೇ ಸರ್ವರು, ಒಂದೊಂದರಲ್ಲೂ 1 ಟಿಬಿ ಜಾಗ. ಈಗ ಬಂದಿರೋದು 4 ಟಿಬಿ. ಡೇಟಾ ಹೇಗೆ ಹಂಚೋದು ಅಂತ.

ಕನ್ಸಿಸ್ಟೆಂಟ್ ಹ್ಯಾಶಿಂಗ್ ನಂಗೆ ತುಂಬಾ ಇಷ್ಟವಾದ ಉಪಾಯ. 1997ರಲ್ಲಿ ಎಂಐಟಿಯ ಕಾರ್ಗರ್, ಲೈಟನ್, ಲೆವಿನ್ ಮತ್ತಿತರರು ಬರೆದರು. ಒಂದು ದೊಡ್ಡ ರಿಂಗು, ಅದರ ಮೇಲೆ ಅಲ್ಲಲ್ಲಿ ಸರ್ವರುಗಳು. ಡೇಟಾದ ಪ್ರತಿ ತುಣುಕಿನ ಗುರುತು, ಅಂದ್ರೆ ಕೀ, ಎಲ್ಲೋ ಒಂದು ಕಡೆ ಬೀಳುತ್ತೆ, ಅಲ್ಲಿಂದ ಮುಂದಕ್ಕೆ ಮೊದಲು ಸಿಕ್ಕ ಸರ್ವರಿಗೆ ಸೇರುತ್ತೆ. ಯಾವುದಾದ್ರೂ ಸರ್ವರ್ ಕೆಟ್ಟರೆ ಅದರ ಪಾಲಿನದ್ದು ಮಾತ್ರ ಜಾಗ ಬದಲಿಸುತ್ತೆ, ಮಿಕ್ಕದ್ದು ಅಲುಗಾಡಲ್ಲ. ಆದ್ರೆ ಯಾವುದು ದೊಡ್ಡದು, ಯಾವುದು ಚಿಕ್ಕದು ಅಂತ ರಿಂಗಿಗೆ ತಾನಾಗಿ ತಿಳಿಯಲ್ಲ. ಅದಕ್ಕೇ ಒಂದೊಂದನ್ನೂ ಹತ್ತಾರು, ನೂರಾರು ಕಡೆ ಕೂರಿಸ್ತಾರೆ. ದೊಡ್ಡದಕ್ಕೆ ಹೆಚ್ಚು ಬಿಂದು, ಅಂದ್ರೆ ಹೆಚ್ಚು ತೂಕ. ಅಮೆಜಾನಿನವರು 2007ರ ಡೈನಮೋ ಪ್ರಬಂಧದಲ್ಲಿ ಇದನ್ನೇ ವಿವರಿಸಿದ್ರು.

ಹಾಗಾದ್ರೆ ಹೊಸದಕ್ಕೆ ನಾಲ್ಕು ಪಟ್ಟು ಬಿಂದು ಕೊಟ್ಟರೆ ಆಯ್ತಲ್ಲ ಅಂತೀರಾ? ಆಗಲ್ಲ ರಾಯರೇ! ಡೇಟಾ ಕಳೆದುಹೋಗಬಾರದು ಅಂತ ಪ್ರತಿಯೊಂದರದ್ದೂ ಸಾಮಾನ್ಯವಾಗಿ ಮೂರು ಪ್ರತಿ ಇಡ್ತಾರೆ, ಮೂರೂ ಬೇರೆ ಬೇರೆ ಸರ್ವರಿನಲ್ಲೇ ಇರಬೇಕು. ಅಂದ್ಮೇಲೆ ಎಷ್ಟೇ ತೂಕ ಕೊಡಿ, ದೊಡ್ಡದು ಪ್ರತಿ ಕೀಗೂ ಒಂದೇ ಪ್ರತಿ ಇಟ್ಟುಕೊಳ್ಳೋಕೆ ಸಾಧ್ಯ. ಉಳಿದೆರಡು ಆ ಹಳೇ ಮೂರರ ಮೇಲೇ ಬೀಳಬೇಕು. ಲೆಕ್ಕ ಹಾಕಿ: ಒಟ್ಟು 7 ಟಿಬಿ, ಮೂರರಿಂದ ಭಾಗಿಸಿದ್ರೆ ಎರಡೂ ಕಾಲು ಟಿಬಿ ಮೇಲೆ ಡೇಟಾ ಹಿಡಿಸಬೇಕು. ವಾಸ್ತವದಲ್ಲಿ ಒಂದೂವರೆ ಟಿಬಿಗೇ ಹಳೇವು ಮೂರೂ ಭರ್ತಿ. ಹೊಸದರಲ್ಲಿ ಎರಡೂವರೆ ಟಿಬಿ ಖಾಲಿ ಬಿದ್ದಿರುತ್ತೆ. ಇಷ್ಟು ಸಣ್ಣ ಗುಂಪಿಗೆ ಇಷ್ಟು ದೊಡ್ಡದೊಂದನ್ನ ತರೋ ಬದಲು 1 ಟಿಬಿಯ ನಾಲ್ಕು ತಂದಿದ್ರೆ ಅಷ್ಟೂ ಜಾಗ ದಕ್ಕುತ್ತಿತ್ತು.

ಇನ್ನೊಂದು, ತೂಕ ಅಂದ್ರೆ ಯಾವುದರ ತೂಕ? ಸೆಫ್ ಅನ್ನೋ ಸ್ಟೋರೇಜ್ ವ್ಯವಸ್ಥೆಯಲ್ಲಿ ರಿಂಗಿಲ್ಲ, ಕ್ರಷ್ ಅನ್ನೋ ಬೇರೆ ವಿಧಾನ. ಅಲ್ಲೂ ತೂಕ ಇದೆ, ಸಾಮಾನ್ಯವಾಗಿ ಡಿಸ್ಕಿನ ಟಿಬಿ ಎಷ್ಟೋ ಅಷ್ಟು. 16 ಟಿಬಿ ಹಾರ್ಡ್ ಡಿಸ್ಕಿಗೆ 4 ಟಿಬಿಯದರ ನಾಲ್ಕರಷ್ಟು ಡೇಟಾ ಹೋಗುತ್ತೆ, ಅದರ ಹಿಂದೆಯೇ ನಾಲ್ಕರಷ್ಟು ಓದುವ ಬೇಡಿಕೆಯೂ. ಆದ್ರೆ ಅದು ನಾಲ್ಕು ಪಟ್ಟು ವೇಗವಾಗಿ ತಿರುಗಲ್ಲವಲ್ಲ! ಅದಕ್ಕೇ ಸೆಫ್‌ನವರು ಪ್ರೈಮರಿ ಅಫಿನಿಟಿ ಅಂತ ಬೇರೊಂದು ಹಿಡಿತ ಇಟ್ಟಿದ್ದಾರೆ. ಅದನ್ನ ಇಳಿಸಿದ್ರೆ ಡೇಟಾ ಅಲ್ಲೇ ಇರುತ್ತೆ, ಓದೋಕೆ ಬರೋರು ಬೇರೆ ಪ್ರತಿಗಳ ಕಡೆ ತಿರುಗ್ತಾರೆ.