ಕಾಮಿಕ್ಸ್ ಅಂಗಡಿಯವನು: ಸಂಕಥನ, ಸಂಕಟ ಮತ್ತು ಸಾಲದ ಬಹುಮುಖಿ ನೆಲೆಗಳು

ಪ್ರಸ್ತಾವನೆ

ಕಾಮಿಕ್ಸ್ ಅಂಗಡಿಯವನೆಂಬ ಜೀವಿಯನ್ನು ಕುರಿತು ಕನ್ನಡದಲ್ಲಿ ಗಂಭೀರ ಅಧ್ಯಯನ ನಡೆದಿಲ್ಲವೆಂಬ ಕೊರತೆಯನ್ನು ತುಂಬುವ ನೆಲೆಯಲ್ಲಿ, ಮತ್ತು ಸದರಿ ನೆಲೆಯ ಬಾಡಿಗೆ ಎರಡು ತಿಂಗಳಿಂದ ಬಾಕಿಯಿರುವ ಹಿನ್ನೆಲೆಯಲ್ಲಿ, ಪ್ರಸ್ತುತ ಪ್ರಬಂಧವು ರೂಪುಗೊಂಡಿದೆ. ಕ್ಷೇತ್ರಕಾರ್ಯವನ್ನು ಬೆಂಗಳೂರಿನ ಜಯನಗರದ ಕಟ್ಟಡವೊಂದರ ಮೊದಲ ಮಹಡಿಯಲ್ಲಿ, ಹತ್ತಡಿ ಹನ್ನೆರಡಡಿಯ ಮಳಿಗೆಯೊಳಗೆ, ಒಂದು ಕಾಲು ಕುಂಟುವ ಸ್ಟೂಲಿನ ಮೇಲೆ ಹದಿನಾಲ್ಕು ವರ್ಷ ಕೂತು ನಡೆಸಲಾಗಿದೆ. ಸಂಶೋಧಕನೂ ಮಾಹಿತಿದಾರನೂ ಒಬ್ಬನೇ ಆದ್ದರಿಂದ ಸಂದರ್ಶನಗಳು ಸಲೀಸಾಗಿ ನಡೆದವು. ಲಾಭದ ಮಾತು ಬಂದಾಗಲೆಲ್ಲ ಮಾಹಿತಿದಾರನು ವಿಷಯ ಬದಲಿಸಿದ್ದನ್ನು ಮಾತ್ರ ಇಲ್ಲಿ ದಾಖಲಿಸಬೇಕು.

ಅಧ್ಯಯನಕ್ಕೆ ಪ್ರೇರಣೆ ಒಂದು ವಿಶ್ವವಿದ್ಯಾಲಯದಲ್ಲಿ ನಡೆದ ಎರಡು ದಿನಗಳ ವಿಚಾರ ಸಂಕಿರಣ. ಅದರ ವಿಚಾರಕ್ಕೆ ಆಮೇಲೆ ಬರುತ್ತೇನೆ, ಈಗಲೇ ಬಂದರೆ ರಕ್ತದೊತ್ತಡ ಏರುತ್ತದೆ. ಅಲ್ಲಿ ಕೇಳಿಸಿಕೊಂಡ ಪದಗಳು ವ್ಯರ್ಥವಾಗಬಾರದೆಂಬ ಮಿತವ್ಯಯದ ದೃಷ್ಟಿಯಿಂದ ಅವನ್ನು ಈ ಪ್ರಬಂಧದಲ್ಲಿ ಮರುಬಳಕೆ ಮಾಡಲಾಗಿದೆ.

1. ಪರಿಭಾಷೆಯ ವಿರಚನೆ

1.1. 'ಕಾಮಿಕ್ಸ್' ಎಂಬ ಪದವನ್ನು ವಿದ್ವತ್ ವಲಯವು ಕೈಬಿಟ್ಟಿದೆ. ಈಗ ಅದು 'ಚಿತ್ರಪಠ್ಯಗಳ ಸಹಸಂಬಂಧಿ ಅನುಕ್ರಮಾತ್ಮಕ ಸಂಕಥನ'. ಸಂಕಿರಣದ ಮಾರನೇ ದಿನ ಅಂಗಡಿಗೆ ಬಂದ ಹುಡುಗಿಯೊಬ್ಬಳು "ಅಂಕಲ್, ಟಿಂಕಲ್ ಬಂತಾ?" ಎಂದು ಕೇಳಿದಳು. ಸಂಕಥನ ಇನ್ನೂ ಬಂದಿಲ್ಲ, ಶುಕ್ರವಾರ ಬಾ ಎಂದೆ. ಅವಳು ಅಮ್ಮನ ಮುಖ ನೋಡಿದಳು.

1.2. ಕಾಮಿಕ್ಸ್ ಪುಟದ ಎರಡು ಚೌಕಗಳ ನಡುವಿನ ಖಾಲಿ ಜಾಗಕ್ಕೆ 'ಗಟರ್' ಎನ್ನುತ್ತಾರೆ. ಮೊದಲ ಚೌಕದಲ್ಲಿ ಎತ್ತಿದ ಕೊಡಲಿ, ಎರಡನೆಯದರಲ್ಲಿ ಕಿರುಚಾಟ. ನಡುವೆ ಕೊಂದವರು ಯಾರು? ಓದುವವರೇ. ಇದನ್ನು ಸ್ಕಾಟ್ ಮೆಕ್‌ಕ್ಲೌಡ್ 1993ರಲ್ಲಿ, ಕಾಮಿಕ್ಸ್ ಬಗ್ಗೆ ಕಾಮಿಕ್ಸ್ ರೂಪದಲ್ಲೇ ಬರೆದ ಪುಸ್ತಕದಲ್ಲಿ, ಮಕ್ಕಳಿಗೂ ತಿಳಿಯುವ ಹಾಗೆ ಚಿತ್ರ ಹಾಕಿ ತೋರಿಸಿದ. ಸಂಕಿರಣದಲ್ಲಿ ಅದನ್ನೇ ಒಬ್ಬರು ನಲವತ್ತು ನಿಮಿಷ, ಚಿತ್ರವೇ ಇಲ್ಲದ ಸ್ಲೈಡುಗಳನ್ನಿಟ್ಟುಕೊಂಡು, 'ಅನುಪಸ್ಥಿತಿಯ ಉಪಸ್ಥಿತಿ' ಎಂದು ವಿವರಿಸಿದರು.

ನನಗೆ ಗೊತ್ತಿರುವ ಗಟರ್ ಬೇರೆ. ಅದು ನಮ್ಮ ಕಟ್ಟಡದ ಮುಂದಿದೆ. ಒಂದು ಮಳೆಗಾಲದ ರಾತ್ರಿ ಅದು ಉಕ್ಕಿ, ನೆಲಮಹಡಿಯಲ್ಲಿ ನಾನು ಸ್ಟಾಕ್ ಇಟ್ಟಿದ್ದ ಮೆಟ್ಟಿಲ ಕೆಳಗಿನ ಗೂಡಿಗೆ ನುಗ್ಗಿತು. ಕೆಳಗಿನ ಎರಡು ರಟ್ಟಿನ ಪೆಟ್ಟಿಗೆ ನೀರು ಕುಡಿದು ಊದಿಕೊಂಡವು. ನುಣುಪು ಕಾಗದ ನೆನೆದರೆ ಹಾಳೆಗೆ ಹಾಳೆ ಅಂಟಿ ಇಟ್ಟಿಗೆಯಾಗುತ್ತದೆ. ಬಿಡಿಸಹೋದರೆ ಸೂಪರ್‌ಮ್ಯಾನನ ಮುಖ ಎದುರಿನ ಪುಟಕ್ಕೆ ಎದ್ದು ಹೋಗುತ್ತದೆ. ಅನುಪಸ್ಥಿತಿಯ ಉಪಸ್ಥಿತಿಯನ್ನು ಅಂದು ಬಕೆಟ್ಟಿನಲ್ಲಿ ತೋಡಿ ಹೊರಗೆ ಚೆಲ್ಲಿದೆ.

2. ಉಗಮ: ಒಂದು ಚಾರಿತ್ರಿಕ ಮುಖಾಮುಖಿ

ಕಾಮಿಕ್ಸಿಗೆಂದೇ ಅಂಗಡಿ ಎಂಬ ವ್ಯವಸ್ಥೆ ಬೆಳೆದದ್ದು ಮೇಳಗಳ ಮಡಿಲಲ್ಲಿ. ಅಮೆರಿಕದಲ್ಲಿ ಮೊದಲು ಕಾಮಿಕ್ಸ್ ಮಾರುತ್ತಿದ್ದದ್ದು ಪೇಪರ್ ಅಂಗಡಿಗಳು. ಉಳಿದದ್ದರ ಮುಖಪುಟ ಹರಿದು ವಾಪಸು ಕಳಿಸಿದರೆ ಹಣ ವಜಾ ಆಗುತ್ತಿತ್ತು. ಬ್ರೂಕ್ಲಿನ್‌ನಲ್ಲಿ ಫಿಲ್ ಸ್ಯೂಲಿಂಗ್ ಎಂಬ ಇಂಗ್ಲಿಷ್ ಮೇಷ್ಟ್ರಿದ್ದರು. ನ್ಯೂಯಾರ್ಕಿನಲ್ಲಿ ಕಾಮಿಕ್ಸ್ ಮೇಳ ನಡೆಸುತ್ತಿದ್ದ ಈ ಮನುಷ್ಯ 1970ರ ದಶಕದ ಆರಂಭದಲ್ಲಿ ಪ್ರಕಾಶಕರ ಬಳಿ ಹೋಗಿ ಹೊಸ ಕರಾರು ಕುದುರಿಸಿದರು: ನಮಗೆ ನೇರವಾಗಿ ಕೊಡಿ, ಕಮಿಷನ್ ಜಾಸ್ತಿ ಕೊಡಿ, ಬದಲಿಗೆ, ಉಳಿದದ್ದನ್ನು ನಾವು ವಾಪಸು ಕೊಡುವುದಿಲ್ಲ.

'ರಿಟರ್ನ್ ಇಲ್ಲ.' ನನ್ನ ಇಡೀ ಕಸುಬು ನಿಂತಿರುವುದು ಈ ಎರಡು ಪದಗಳ ಮೇಲೆ. ವಿದೇಶಿ ಕಾಮಿಕ್ಸ್ ನನಗೆ ಬರುವುದು ಇದೇ ಕರಾರಿನಲ್ಲಿ. ತಿಂಗಳುಗಳ ಮುಂಚೆ ಪಟ್ಟಿ ನೋಡಿ, ಯಾರೂ ಓದಿರದ, ಇನ್ನೂ ಅಚ್ಚೇ ಆಗದ ಪುಸ್ತಕ ಎಷ್ಟು ಬೇಕೆಂದು ಬರೆಯಬೇಕು. ಕಡಿಮೆ ಬರೆದರೆ ಗಿರಾಕಿ ಬೈಯುತ್ತಾನೆ, ಜಾಸ್ತಿ ಬರೆದರೆ ಹೆಂಡತಿ.

ಜಾಸ್ತಿ ಬರೆದವರ ಕಥೆ ಅಮೆರಿಕದಲ್ಲೂ ಇದೆ. 1991ರಲ್ಲಿ ಐದು ಬಗೆಯ ಮುಖಪುಟದಲ್ಲಿ ಬಂದ 'ಎಕ್ಸ್-ಮೆನ್' ಮೊದಲ ಸಂಚಿಕೆ 80 ಲಕ್ಷ ಪ್ರತಿಗೂ ಮೇಲೆ ಹೋಯಿತು. ಹೋದದ್ದು ಅಂಗಡಿಗಳಿಗೆ, ಓದುಗರಿಗೆ ಅಂತಲ್ಲ. ಮಾರನೇ ವರ್ಷ ಸೂಪರ್‌ಮ್ಯಾನನನ್ನು ಕೊಂದು ಕರಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮಾರಿದರು. ಚೀಲ ಬಿಚ್ಚದೆ ಇಟ್ಟರೆ ಮಗನ ಕಾಲೇಜು ಫೀಸಾಗುತ್ತದೆಂದು ಜನ ಹತ್ತು ಹತ್ತು ಕೊಂಡರು. ಎಲ್ಲರ ಮನೆಯಲ್ಲೂ ಇರುವ ವಸ್ತುವಿಗೆ ಬೆಲೆ ಎಲ್ಲಿಂದ ಬರಬೇಕು? ಮುಂದಿನ ಕೆಲ ವರ್ಷಗಳಲ್ಲಿ ಸಾವಿರಾರು ಅಂಗಡಿಗಳು ಬಾಗಿಲು ಹಾಕಿದವು. 1996ರಲ್ಲಿ ಮಾರ್ವೆಲ್ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ಆಮೇಲೆ ಸಗಟು ವಿತರಣೆ ಡೈಮಂಡ್ ಎಂಬ ಒಂದೇ ಸಂಸ್ಥೆಯ ಕೈಯಲ್ಲಿ ಬಹುಕಾಲ ಉಳಿಯಿತು. 2025ರ ಜನವರಿಯಲ್ಲಿ ಅದೂ ದಿವಾಳಿ. ಯಾಜಮಾನ್ಯದ ಬಗ್ಗೆ ಸಂಕಿರಣದಲ್ಲಿ ಮೂರು ಪ್ರಬಂಧಗಳಿದ್ದವು. ಈ ಯಜಮಾನರ ಹೆಸರು ಒಂದರಲ್ಲೂ ಬರಲಿಲ್ಲ.

3. ಮೇಳ: ದೇಹ, ಪ್ರದರ್ಶನ, ಪಾರ್ಕಿಂಗ್

ವರ್ಷಕ್ಕೊಮ್ಮೆ ಊರಾಚೆಯ ದೊಡ್ಡ ಹಾಲಿನಲ್ಲಿ ಎರಡು ದಿನದ ಕಾಮಿಕ್ಸ್ ಮೇಳ. ಟೇಬಲ್ಲೊಂದಕ್ಕೆ ಕೇಳುವ ಬಾಡಿಗೆಯಲ್ಲಿ ನನ್ನಪ್ಪ ಒಂದು ಮದುವೆ ಮಾಡಿದ್ದರು. ಆ ಬಾಡಿಗೆಯ ಮೇಲೆ ಶೇ. 18 ಜಿಎಸ್‌ಟಿ. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲವಲ್ಲ ಎಂದು ಓದುಗರು ಸಂತೋಷಪಡಬಹುದು. ಇಲ್ಲ, ನಿಜ. ಮಾರುವ ಸರಕಿಗೆ ತೆರಿಗೆ ಇಲ್ಲದ್ದರಿಂದಲೇ, ಪುಸ್ತಕದ ಪಾಲಿಗೆ ನಾನು ಕಟ್ಟಿದ ತೆರಿಗೆಯನ್ನು ಎಲ್ಲೂ ವಜಾ ಹಾಕಿಕೊಳ್ಳುವ ಹಾಗಿಲ್ಲ. ಪಕ್ಕದ ಟೇಬಲ್ಲಿನ ಟೀ ಶರ್ಟಿನವನು ಹಾಕಿಕೊಳ್ಳುತ್ತಾನೆ. ಜ್ಞಾನಕ್ಕೆ ತೆರಿಗೆ ಇಲ್ಲ, ಜ್ಞಾನದ ಟೇಬಲ್ಲಿಗೆ ಇದೆ.

ಮೊದಲ ದಿನ ಮಧ್ಯಾಹ್ನದೊಳಗೆ ಕೀಚೈನು ಖಾಲಿ. ಪುಸ್ತಕದ ಪೆಟ್ಟಿಗೆಯಲ್ಲಿ ಅರ್ಧವೂ ಕರಗಿರಲಿಲ್ಲ. ಆಗ ಬ್ಯಾಟ್‌ಮ್ಯಾನ್ ಬಂದ. ಆರಡಿ ಎತ್ತರ, ಕರಿ ರಬ್ಬರಿನ ಮುಖವಾಡ, ಅದರೊಳಗಿಂದ ಇಳಿಯುತ್ತಿದ್ದ ಬೆವರು.

"ಅಂಕಲ್, ಸೇಫ್ಟಿ ಪಿನ್ ಇದ್ಯಾ? ರೆಕ್ಕೆ ಕಿತ್ಕೊಂಡ್ಬಿಡ್ತು."

ನಾಲ್ಕು ಪಿನ್ನು ಕೊಟ್ಟೆ, ಹಿಂದುಗಡೆ ಕುರ್ಚಿ ಕೊಟ್ಟೆ, ನೀರು ಕೊಟ್ಟೆ. ಮುಖವಾಡ ತೆಗೆದರೆ ಇಂಜಿನಿಯರಿಂಗ್ ಓದುವ ಹುಡುಗ. ಕೂತಲ್ಲೇ ಕೈಗೆ ಸಿಕ್ಕ ಬ್ಯಾಟ್‌ಮ್ಯಾನ್ ಪುಸ್ತಕವೊಂದನ್ನು ತೆಗೆದು, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ, ಕಣ್ಣೊರೆಸಿಕೊಂಡು, "ಸೂಪರ್ ಆಗಿದೆ ಅಂಕಲ್" ಎಂದು ಎಲ್ಲಿತ್ತೋ ಅಲ್ಲೇ ಇಟ್ಟು ಹೋದ. ಬ್ಯಾಟ್‌ಮ್ಯಾನನೇ ಬ್ಯಾಟ್‌ಮ್ಯಾನನನ್ನು ಕೊಳ್ಳದಿದ್ದ ಮೇಲೆ ಜನಸಾಮಾನ್ಯರನ್ನು ದೂರಿ ಫಲವೇನು? ಆದರೂ ಹೇಳುತ್ತೇನೆ, ಆ ಎರಡು ದಿನದಲ್ಲಿ ನನ್ನ ಪುಸ್ತಕವೊಂದನ್ನು ಪೂರ್ತಿ ಓದಿದವನು ಅವನೊಬ್ಬನೇ. ಪಿನ್ನು ವಾಪಸು ಕೊಡಲಿಲ್ಲ.

4. ಗಿರಾಕಿಗಳ ವರ್ಗೀಕರಣ

ಗಿರಾಕಿಗಳು ಸ್ಥೂಲವಾಗಿ ಒಂಬತ್ತು ವಿಧ.

4.1. ಮುಟ್ಟುವವರು. ಇವರಲ್ಲಿ ಒದ್ದೆ ಕೈಯವರು, ಚಿಪ್ಸ್ ಕೈಯವರು ಮತ್ತು ಪುಟ ತಿರುವಲು ಎಂಜಲು ಹಚ್ಚುವವರು ಎಂದು ಮೂರು ಉಪವರ್ಗ.

4.2. ಮುಟ್ಟದವರು. ಇವರು ಕೊಂಡ ಪುಸ್ತಕವನ್ನು ಓದುವುದಿಲ್ಲ. ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸೀಲು ಮಾಡಿಸಿ, ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಿಸುತ್ತಾರೆ. ಪಿನ್ನಿಗೆ ತುಕ್ಕು ಹಿಡಿದಿದ್ದರೆ ಅಂಕ ಇಳಿಯುತ್ತದೆ, ಮೂಲೆ ಮಡಚಿದ್ದರೆ ಇಳಿಯುತ್ತದೆ, ಬೆನ್ನು ಬಾಗಿದ್ದರೆ, ಕಾಗದ ಹಳದಿಯಾಗಿದ್ದರೆ, ಯಾರಾದರೂ ಹೆಸರು ಬರೆದಿದ್ದರೆ. ಈ ಮಾಪನದಲ್ಲಿ ಪ್ರಸ್ತುತ ಸಂಶೋಧಕನಿಗೆ 3.5 ಬರಬಹುದು.

4.3. ಸುದ್ದಿ ಓದಿ ಬರುವವರು. 1938ರಲ್ಲಿ ಹತ್ತು ಸೆಂಟಿಗೆ ಮಾರಿದ್ದ, ಸೂಪರ್‌ಮ್ಯಾನನ ಮೊದಲ ಕಥೆಯಿದ್ದ ಸಂಚಿಕೆಯ ಪ್ರತಿಯೊಂದು 2024ರ ಹರಾಜಿನಲ್ಲಿ 60 ಲಕ್ಷ ಡಾಲರಿಗೆ ಹೋಯಿತು. ಮಾರನೇ ಬೆಳಿಗ್ಗೆ ಒಬ್ಬರು ಆಟೋದಲ್ಲಿ ಎರಡು ಗೋಣಿಚೀಲ ಹಳೇ ಟಿಂಕಲ್ ತಂದಿಳಿಸಿ "ಏನ್ ಬರುತ್ತೆ?" ಎಂದರು. ನಾನು ಹೇಳಿದ ಮೊತ್ತ ಆಟೋ ಬಾಡಿಗೆಗಿಂತ ಸ್ವಲ್ಪ ಹೆಚ್ಚಿತ್ತು. ನನ್ನನ್ನು ಕಳ್ಳನನ್ನು ನೋಡುವ ಹಾಗೆ ನೋಡಿ ಅದೇ ಆಟೋದಲ್ಲಿ ವಾಪಸು ಹೋದರು.

4.4. ಇನ್ನು ಉಳಿದ ಆರು ವಿಧ. ಬೇಡ ಬಿಡಿ. ಬರುವುದೇ ದಿನಕ್ಕೆ ಏಳೆಂಟು ಜನ, ಅವರನ್ನು ಒಂಬತ್ತು ಭಾಗ ಮಾಡುವುದು ಸಂಖ್ಯಾಶಾಸ್ತ್ರಕ್ಕೂ ಒಪ್ಪುವ ಮಾತಲ್ಲ.

5. ದೇಶಿ ಅನನ್ಯತೆಯ ಪ್ರಶ್ನೆ

"ಕನ್ನಡದಲ್ಲಿ ಏನಿದೆ?" ಎಂದು ಕೇಳುವವರು ಮೇಲಿನ ಯಾವ ವರ್ಗಕ್ಕೂ ಸೇರುವುದಿಲ್ಲ. ಹೆಚ್ಚಾಗಿ ನಲವತ್ತು ದಾಟಿದವರು, ಪಕ್ಕದಲ್ಲೊಂದು ಮಗು. ಹಳೇ ಬಾಲಮಂಗಳ ಪತ್ರಿಕೆ ಸಿಗುತ್ತದಾ, ಅದರಲ್ಲಿನ ಡಿಂಗ ಇದ್ದಾನಾ ಎನ್ನುತ್ತಾರೆ. ಹೀಗೆ ಕೇಳುವಾಗ ದನಿ ತಗ್ಗುತ್ತದೆ, ಸತ್ತ ಗೆಳೆಯನ ಮನೆಯಲ್ಲಿ ವಿಚಾರಿಸಿದ ಹಾಗೆ. ನನ್ನಲ್ಲಿ ಕನ್ನಡಕ್ಕೆಂದು ಇರುವುದು ಒಂದೇ ಹಲಗೆ. ಅದರಲ್ಲೂ ಅರ್ಧ ಜಾಗದಲ್ಲಿ ಈಗ ಮಗ್ಗುಗಳಿವೆ.

ಇದನ್ನು ಹಾಸ್ಯವಾಗಿ ಬರೆಯಬೇಕೆಂದು ಮೂರು ಸಲ ಕೂತೆ, ಆಗಲಿಲ್ಲ. ಯಾಕೆಂದರೆ ಅಮರ ಚಿತ್ರ ಕಥೆ ಶುರುವಾದದ್ದೇ ಕನ್ನಡದಲ್ಲಿ, ಇದೇ ಊರಲ್ಲಿ. 1965ರಲ್ಲಿ ಇಂಡಿಯಾ ಬುಕ್ ಹೌಸ್‌ಗಾಗಿ ಬೆಂಗಳೂರಿನಲ್ಲಿ ಪುಸ್ತಕ ಮಾರುತ್ತಿದ್ದ ಜಿ. ಕೆ. ಅನಂತರಾಮ್, ಸಿಂಡರೆಲಾಳಂಥ ಪರದೇಶದ ಕಥೆಗಳನ್ನು ಕನ್ನಡದಲ್ಲಿ ಕಾಮಿಕ್ಸ್ ಮಾಡಿಸಿದರು. ಆಮೇಲೆ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರು ಮುಂಬೈಯಲ್ಲಿ ಈ ಮಾಲೆಯನ್ನು ನಮ್ಮ ಪುರಾಣದ ಕಡೆ ಹೊರಳಿಸಿದಾಗ, 'ಕೃಷ್ಣ'ನಿಗೆ ಬಿದ್ದ ನಂಬರು 1 ಅಲ್ಲ, 11. ಹಿಂದಿನ ಹತ್ತು ಆ ಅಜ್ಜಿಕಥೆಗಳದು. ಅಂದರೆ ಪುಸ್ತಕ ಮಾರುವ ಕೆಲಸದಲ್ಲಿದ್ದವನೊಬ್ಬ, ಮಕ್ಕಳ ಕೈ ಯಾವುದರ ಕಡೆ ಹೋಗುತ್ತದೆಂದು ನೋಡಿ ಮಾಡಿದ ಕೆಲಸ ಇದು. ದೃಶ್ಯ ಸಾಕ್ಷರತೆಯ ಕಾರ್ಯನೀತಿ ರೂಪಿಸಿ ಮಾಡಿದ್ದಲ್ಲ. ಈಗ ಇದೇ ಬೆಂಗಳೂರಿನ ಅಂಗಡಿಯಲ್ಲಿ ಕನ್ನಡ ಬಲ್ಲ ಮಗುವಿಗೆ ಕೊಡಲು ಕೈ ಚಾಚಿದರೆ ಮಗ್ಗು ಸಿಗುತ್ತದೆ. ಬರೆಯುವವರಿಲ್ಲ ಎನ್ನುತ್ತಾರೆ ಪ್ರಕಾಶಕರು. ಅಚ್ಚು ಹಾಕುವವರಿಲ್ಲ ಎನ್ನುತ್ತಾರೆ ಚಿತ್ರ ಬರೆಯುವವರು. ಕೊಳ್ಳುವವರಿಲ್ಲ ಎಂದು ಇಬ್ಬರೂ ನನ್ನ ಕಡೆ ಬೆರಳು ತೋರಿಸುತ್ತಾರೆ. ಕೇಳುವವರು ಇದ್ದಾರೆ ಸ್ವಾಮಿ, ನನ್ನ ಬಾಗಿಲಲ್ಲಿ ನಿಂತು ದನಿ ತಗ್ಗಿಸಿ ಕೇಳುತ್ತಾರೆ.

7. ಸಂಕಿರಣ

(ಆರನೆಯ ಅಧ್ಯಾಯ 'ಸೈದ್ಧಾಂತಿಕ ಚೌಕಟ್ಟು'. ಚೌಕಟ್ಟು ಬೇಕಾದವರು ಮೊದಲ ಮಹಡಿಗೆ ಬಂದರೆ ಪೋಸ್ಟರಿನದು ಕೊಡುತ್ತೇನೆ, 450 ರೂಪಾಯಿ.)

ನನ್ನನ್ನು ಕರೆದದ್ದು ಮಾತಾಡಲಿಕ್ಕಲ್ಲ. ವರಾಂಡದಲ್ಲಿ 'ಪ್ರದರ್ಶನ ಆಯಾಮ' ಎಂಬ ಬ್ಯಾನರಿನಡಿ ಹಳೇ ಸಂಚಿಕೆಗಳನ್ನು ಜೋಡಿಸಿಡಲಿಕ್ಕೆ. ಗಾಡಿ ಖರ್ಚು ನನ್ನದು. ಒಳಗೆ 'ಅಂಚಿಗೆ ತಳ್ಳಲ್ಪಟ್ಟ ದನಿಗಳು' ಎಂಬ ಗೋಷ್ಠಿ ನಡೆಯುತ್ತಿದ್ದಾಗ ನಾನು ಹೊರಗೆ ವರಾಂಡದ ಅಂಚಿನಲ್ಲಿ ಕೂತಿದ್ದೆ. ಟೇಬಲ್ಲಿನ ಮೇಲೆ, ಅವೆನ್ಯೂ ರಸ್ತೆಯ ರದ್ದಿಯಲ್ಲಿ ನನಗೆ ಸಿಕ್ಕಿದ್ದ ಒಂದು ಹಳೇ ಕನ್ನಡ ಅಮರ ಚಿತ್ರ ಕಥೆಯಿತ್ತು. ಒಳಪುಟದಲ್ಲಿ ನೀಲಿ ಪೆನ್ನಿನಲ್ಲಿ ಯಾವುದೋ ಮಗು ತನ್ನ ಹೆಸರು, '5ನೇ ತರಗತಿ, ಬಿ ವಿಭಾಗ', ಕೆಳಗೆ 'ಕದ್ದವರಿಗೆ ಪರೀಕ್ಷೆಯಲ್ಲಿ ಸೊನ್ನೆ' ಎಂದು ಬರೆದಿತ್ತು. ಆ ಪುಸ್ತಕವನ್ನು ಮಾರಲೆಂದು ಇಟ್ಟದ್ದಲ್ಲ.

ಕಾಫಿ ವಿರಾಮದಲ್ಲಿ ಗಟರ್ ಪ್ರಾಧ್ಯಾಪಕರು ಬಂದರು. ಜೊತೆಯವರಿಗೆ ಮುದ್ರಿತ ವಸ್ತುವಿನ ಭೌತಿಕತೆಯ ಬಗ್ಗೆ ಹೇಳುತ್ತ ಹೇಳುತ್ತ, ಕೈಯಲ್ಲಿದ್ದ ಲೋಟವನ್ನು ಆ ಪುಸ್ತಕದ ಮುಖಪುಟದ ಮೇಲೆ ಇಟ್ಟರು. ಎತ್ತಿದಾಗ ದುಂಡಗೆ ಕಾಫಿಯ ಬಳೆ ಮೂಡಿತ್ತು. ನಾನು ಕರ್ಚೀಫಿನಿಂದ ಒತ್ತಿದೆ, ಉಜ್ಜಿದರೆ ಬಣ್ಣ ಬರುತ್ತದೆಂದು ಬರೀ ಒತ್ತಿದೆ. ಅವರು ಇನ್ನೂ ಭೌತಿಕತೆಯಲ್ಲೇ ಇದ್ದರು. ಸಂಜೆ ನನಗೊಂದು ಶಾಲು ಹೊದಿಸಿ, ಬೇರೆ ಯಾರದೋ ಹೆಸರಿದ್ದ ಪ್ರಮಾಣಪತ್ರ ಕೊಟ್ಟರು.

ಕಳೆದ ತಿಂಗಳು ಅದೇ ಗಟರ್ ಪ್ರಾಧ್ಯಾಪಕರು ಅಂಗಡಿಗೆ ಬಂದರು. ಯಾವುದೋ ಸಂಶೋಧನಾ ಯೋಜನೆ, ಹಳೇ ಕನ್ನಡ ಸಂಚಿಕೆ ಬೇಕಂತೆ. ನನ್ನ ಗುರುತು ಸಿಗಲಿಲ್ಲ. ಹಲಗೆಯೆಲ್ಲ ಹುಡುಕಿ, ಕ್ಯಾಶ್ ಪೆಟ್ಟಿಗೆಯ ಹಿಂದೆ ಕವರಿನಲ್ಲಿಟ್ಟಿದ್ದ ಆ ಅಮರ ಚಿತ್ರ ಕಥೆಯನ್ನೇ ಕೈ ಮಾಡಿ ತೋರಿಸಿದರು. ಕೊಡುವುದಿಲ್ಲ ಎನ್ನಬೇಕಿತ್ತು. ಬಾಡಿಗೆ ನೆನಪಾಯಿತು, ಬೆಲೆ ಹೇಳಿದೆ. ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

"ಇಲ್ಲಿ ಕಾಫಿ ಕಲೆ ಇದೆಯಲ್ರೀ. ಸ್ವಲ್ಪ ಕಡಿಮೆ ಮಾಡ್ಕೊಳ್ಳಿ."

ಇನ್ನೂರು ಜಾಸ್ತಿ ಸೇರಿಸಿ, ಬಿಲ್ಲು ಯಾರ ಹೆಸರಿಗೆ ಬರೀಲಿ ಸಾರ್ ಎಂದು ಕೇಳಿದೆ.