ಮೂರೇ ತಿಂಗಳು ತಡೆದಿದ್ದರೆ

ಈಗೀಗ ಯಾರ ಹುಟ್ಟುಹಬ್ಬಕ್ಕೆ ಹೋದರೂ ಒಂದು ಕಾರ್ಡು ಕಾಣುತ್ತದೆ. ಮೇಲೆ 'ನೀವು ಹುಟ್ಟಿದ ವರ್ಷ' ಎಂಬ ಹೊಂಬಣ್ಣದ ಅಕ್ಷರ, ಕೆಳಗೆ ಆಗಿನ ಪ್ರಧಾನಿ ಯಾರು, ಚಿನ್ನದ ಬೆಲೆ ಎಷ್ಟು, ಓಡಿದ ಸಿನಿಮಾ ಯಾವುದು. ಹುಟ್ಟಿದವರು ಅದನ್ನು ಓದಿ, "ಆಹಾ, ಏನು ಕಾಲ ರೀ ಅದು!" ಎಂದು ನಿಟ್ಟುಸಿರು ಬಿಡುತ್ತಾರೆ. ಸ್ವಾಮಿ, ಆ ಕಾಲದಲ್ಲಿ ನಿಮಗೆ ಬೋರಲು ಬೀಳುವುದಕ್ಕೂ ಬರುತ್ತಿರಲಿಲ್ಲ. ಚಿನ್ನ ಅಗ್ಗವಿತ್ತು, ನಿಜ. ನೀವೇನು ಕೊಂಡಿಟ್ಟಿರಾ?

ನನಗೆ ಕಾರ್ಡಿನ ಅಗತ್ಯವಿಲ್ಲ, ಧಾರವಾಡದಲ್ಲಿ ಸೋದರಮಾವ ಇದ್ದಾರೆ. ನಾನು 1973ರಲ್ಲಿ ಹುಟ್ಟಿದವಳು. ಅದೂ ಶ್ರಾವಣ ಹಿಡಿಯುವ ಹೊತ್ತಿಗೆ. ಕಂಡಾಗಲೆಲ್ಲ ಮಾಮಾನ ಆಕ್ಷೇಪಣೆ ಒಂದೇ: "ಮೂರ ತಿಂಗಳ ತಡದಿದ್ರ ಕರ್ನಾಟಕದಾಗ ಹುಟ್ಟತಿದ್ದಿ ನೋಡವಾ. ಅಷ್ಟ್ಯಾಕ ಗಡಿಬಿಡಿ ಇತ್ತು ನಿನಗ?"

ಅವರು ಹೇಳುವುದರಲ್ಲಿ ಸುಳ್ಳಿಲ್ಲ. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಕನ್ನಡ ಮಾತಾಡುವ ಸೀಮೆಗಳೆಲ್ಲ ಒಂದಾಗಿದ್ದು 1956ರಲ್ಲೇ, ಆದರೆ ಹದಿನೇಳು ವರ್ಷ ಅದಕ್ಕೆ ಮೈಸೂರು ರಾಜ್ಯವೆಂದೇ ಹೆಸರು. ಹೀಗಾಗಿ ಮೈಸೂರು ಊರನ್ನು ಕಣ್ಣಿನಿಂದ ಕಾಣದ ನಮ್ಮಮ್ಮನ ತವರಿನವರೂ ಕಾಗದದ ಮೇಲೆ ಮೈಸೂರಿನವರೇ. ನನ್ನ ಜನನ ಪತ್ರದಲ್ಲೂ ಊರು ಧಾರವಾಡ, ರಾಜ್ಯ ಮೈಸೂರು. ಪಾಸ್‌ಪೋರ್ಟಿಗೆ ಅರ್ಜಿ ತುಂಬಿಕೊಡುತ್ತಿದ್ದ ಹುಡುಗ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಎರಡು ಊರಲ್ಲಿ ಹುಟ್ಟಿದೀರಾ ಮೇಡಂ?" ಅಂದ. ಒಂದು ಕಡೆ ಶುರುವಾಗಿ ಇನ್ನೊಂದು ಕಡೆ ಮುಗಿಯಿತೇನೋ ಎಂಬ ಹಾಗೆ.

ನಮ್ಮಪ್ಪನ ಕಡೆಯವರು ಅಸಲು ಮೈಸೂರಿನವರು. ತಾತನಿಗೆ ಮೈಸೂರು ಎಂಬ ಹೆಸರು ಹೋಗುವುದೆಂದರೆ ಮನೆ ಹೆಂಚು ಹಾರಿಹೋದಷ್ಟು ಸಂಕಟ. ಹೆಸರು ಬದಲಾಯಿಸುವ ನಿರ್ಣಯ ವಿಧಾನಸಭೆಯಲ್ಲಿ 1972ರಲ್ಲೇ ಆಗಿತ್ತು. ಆವತ್ತಿನಿಂದ ಅವರದು ಒಂದೇ ಪ್ರಶ್ನೆ: "ಅರಮನೆಗೆ ಏನಂತೀರಿ? ಮೈಸೂರು ಪಾಕಿಗೆ ಏನಂತೀರಿ? ಕರ್ನಾಟಕ ಪಾಕು ಅಂತೀರೋ?" ಈ ಪ್ರಶ್ನೆಗೆ ದೇವರಾಜ ಅರಸರ ಸರ್ಕಾರ ಉತ್ತರ ಕೊಡಲಿಲ್ಲ. ಅರಸರೂ ಮೈಸೂರು ಜಿಲ್ಲೆಯವರೇ ಎಂಬುದು ತಾತನಿಗೆ ಇನ್ನೂ ನೋವಿನ ಸಂಗತಿ. ಧಾರವಾಡದ ಮಾಮಾ ಆಗ ಕಾಲೇಜು ಮುಗಿಸಿದ ಬಿಸಿರಕ್ತ. ಆಲೂರು ವೆಂಕಟರಾಯರ ಊರಿನವರು ಬೇರೆ. ರಾಯರು 1964ರಲ್ಲೇ ತೀರಿಕೊಂಡು ಈ ಹೆಸರು ಕಾಣದೆ ಹೋದರಲ್ಲ ಎಂದು ಅವರಿಗೆ ಇಂದಿಗೂ ಸಿಟ್ಟು. ಆ ಸಿಟ್ಟಿಗೆ ಕೈಗೆ ಸಿಗುವ ಬೀಗರೆಂದರೆ ತಾತ ಒಬ್ಬರೇ.

ಇಂಥ ಇಬ್ಬರ ನಡುವೆ ನಾನು ಹುಟ್ಟಿದೆ. ರಾಜ್ಯದ ನಾಮಕರಣದ ಜಗಳ ಸಾಲದು ಎಂದು ನನ್ನದೂ ಸೇರಿಕೊಂಡಿತು.

ಮಾಮಾನಿಗೆ ನಾನು ಭುವನೇಶ್ವರಿ ಆಗಬೇಕಿತ್ತು, ಕನ್ನಡ ತಾಯಿಯ ಹೆಸರು. ತಾತನಿಂದ ಬಂದ ಇನ್‌ಲ್ಯಾಂಡ್ ಪತ್ರದಲ್ಲಿ ಯೋಗಕ್ಷೇಮದ ಮೊದಲೇ 'ಚಾಮುಂಡೇಶ್ವರಿ' ಎಂದಿತ್ತು. ಬಾಣಂತಿ ಕೋಣೆಯಲ್ಲಿದ್ದ ನಮ್ಮಮ್ಮನನ್ನು ಯಾರೂ ಕೇಳಲಿಲ್ಲ. ಹೆಸರಿಡುವ ದಿನ ಮೈಸೂರಿನಿಂದ ಅಪ್ಪನ ತಂಗಿ ಮೀಟರ್‌ಗೇಜ್ ರೈಲಿನಲ್ಲಿ ರಾತ್ರಿಯಿಡೀ ಕೂತು, ಇದ್ದಿಲ ಕಣ ಕಣ್ಣಿಗೆ ಬಿದ್ದು, ಕೆಂಗಣ್ಣಿನಲ್ಲೇ ಬಂದಿಳಿದರು. ಆ ಕಡೆಯ ಪದ್ಧತಿಯಲ್ಲಿ ಸೋದರತ್ತೆಯೇ ಕೂಸಿನ ಕಿವಿಯಲ್ಲಿ ಹೆಸರು ಉಸುರಬೇಕು, ಉಸುರುವಾಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಮೈಸೂರಿನ ಮೆದು ಬೆನ್ನಿಗೆ ಧಾರವಾಡದ ಗುದ್ದು. ಅತ್ತೆ ಇಂದಿಗೂ ಬೆನ್ನು ಮುಟ್ಟಿಕೊಂಡೇ ಆ ಕಥೆ ಹೇಳುವುದು. ಏಟು ಬಿದ್ದ ರಭಸಕ್ಕೋ, ಮೊದಲೇ ಮಾಡಿಕೊಂಡ ಮಸಲತ್ತೋ, ಭುವನೇಶ್ವರಿಯೂ ಇಲ್ಲ, ಚಾಮುಂಡೇಶ್ವರಿಯೂ ಇಲ್ಲ, ಆಕೆಯ ಬಾಯಿಂದ ಬಂದದ್ದು "ಭಾರತಿ".

ರಾಜ್ಯದ ಹೆಸರಿಗೆ ಕಿತ್ತಾಡುತ್ತಿದ್ದವರು ಇಡೀ ದೇಶದ ಹೆಸರು ಕೇಳಿ ಸುಮ್ಮನಾದರು. ಎಂಥ ವಿಶಾಲ ಮನಸ್ಸು ಎಂದು ತಾತ ಹೊಗಳಿದರಂತೆ. ಅತ್ತೆಯ ಮನಸ್ಸಿನಲ್ಲಿದ್ದದ್ದು ದೇಶವಲ್ಲ, 'ಬಂಗಾರದ ಮನುಷ್ಯ'. ಅದರ ನಾಯಕಿ ಭಾರತಿ ಉಟ್ಟ ಸೀರೆಗಳ ಬಣ್ಣವನ್ನು ಆಕೆ ಈಗಲೂ ಒಂದೊಂದಾಗಿ ಹೇಳಬಲ್ಲರು. 1972ರಲ್ಲಿ ತೆರೆ ಕಂಡ ಆ ಚಿತ್ರ ನಾನು ಹುಟ್ಟಿದಾಗಲೂ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಿಂದ ಕದಲಿರಲಿಲ್ಲ. ಅಪ್ಪನಿಗೆ ಆಗ ಬೆಂಗಳೂರಿನಲ್ಲಿ ಕೆಲಸ. ಹೆಂಡತಿ ತವರಿಗೆ ಹೋದ ಸಂಕಟ ಮರೆಯಲು ಅದನ್ನೇ ಮತ್ತೆ ಮತ್ತೆ ನೋಡಿದರಂತೆ. ಸಂಕಟ ಎಂಬುದು ಅವರ ಮಾತು. ಅಮ್ಮನ ಮಾತು ಬೇರೆ.

ನಾನು ಹುಟ್ಟಿದ ಸುದ್ದಿ ಅವರಿಗೆ ತಲುಪಿದ್ದು ತಂತಿಯಲ್ಲಿ. ಪದಕ್ಕೆ ಇಷ್ಟು ಎಂದು ದುಡ್ಡು ಎಣಿಸುತ್ತಿದ್ದರಿಂದ ಅದರಲ್ಲಿ ಸಂತೋಷಕ್ಕೆ ಜಾಗವಿರಲಿಲ್ಲ. ಟ್ರಂಕ್ ಕಾಲ್ ಬುಕ್ ಮಾಡಿದರೆ ಸಿಗುವಷ್ಟರಲ್ಲಿ ನಾನೇ ಮಾತಾಡುವಷ್ಟು ದೊಡ್ಡವಳಾಗಿರುತ್ತಿದ್ದೆ. ತಮಾಷೆ ನೋಡಿ, ಅದೇ ವರ್ಷ ಏಪ್ರಿಲ್ 3ರಂದು ನ್ಯೂಯಾರ್ಕಿನ ಬೀದಿಯಲ್ಲಿ ನಿಂತು ಮಾರ್ಟಿನ್ ಕೂಪರ್ ಎಂಬ ಎಂಜಿನಿಯರ್ ಜಗತ್ತಿನ ಮೊದಲ ಮೊಬೈಲ್ ಕರೆ ಮಾಡಿದ್ದ. ಮಾಡಿದ್ದು ಯಾರಿಗೆ? ಎದುರಾಳಿ ಕಂಪನಿಯ ಎಂಜಿನಿಯರಿಗೆ, ಹೊಟ್ಟೆ ಉರಿಸುವುದಕ್ಕೆ. ಆ ಫೋನು ಒಂದು ಕೆಜಿಗಿಂತ ಜಾಸ್ತಿ ತೂಗುತ್ತಿತ್ತಂತೆ. ಇದನ್ನು ಹೇಳಿದಾಗ ನನ್ನ ಮಗಳು, "ಅಂದ್ರೆ ನೀನೂ ಮೊಬೈಲೂ ಒಂದೇ ಕ್ಲಾಸು. ಅದು ಮಾತ್ರ ಸಣ್ಣಗಾಗ್ತಾ ಬಂತು" ಅಂದಳು.

ನವೆಂಬರ್ ಬಂತು. ಹೆಸರಿನ ಗಾಳಿ ಎಷ್ಟು ಜೋರಾಗಿ ಬೀಸಿತೆಂದರೆ ಅದೇ ನವೆಂಬರ್ 1ರಂದು ಲಕ್ಕಾದೀವ್, ಮಿನಿಕಾಯ್, ಅಮೀನದೀವಿ ಎಂಬ ಮೂರು ಹೆಸರಿನ ಕೇಂದ್ರಾಡಳಿತ ಪ್ರದೇಶ ಕೂಡ ಲಕ್ಷದ್ವೀಪ ಆಯಿತು. (ಅಮೀನದೀವಿ ಒಂದು ಕಾಲದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಬಾಲ. ಆ ನಂಟನ್ನು ನಾವು ಯಾರೂ ನೆನೆಯುವುದಿಲ್ಲ.) ಹಿಂದಿನ ದಿನದವರೆಗೆ ಮೈಸೂರು ರಾಜ್ಯದ್ದಾಗಿದ್ದ ರಸ್ತೆ ಸಾರಿಗೆ ಸಂಸ್ಥೆ ಕರ್ನಾಟಕದ್ದಾಯಿತು. ಕುಲುಕಾಟದಲ್ಲಿ ಮಾತ್ರ ವ್ಯತ್ಯಾಸವಿರಲಿಲ್ಲ ಎಂದು ಅಪ್ಪ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಬೈಕುಗಳೂ ಅದೇ ವರ್ಷ ಜಾವಾ ಎಂಬ ಹೆಸರು ಕಳಚಿ ಯೆಜ್ಡಿ ಆದವು. ಅಪ್ಪನದು ಹಳೇ ಜಾವಾ. ಹೊಸ ಯೆಜ್ಡಿಯವರು ಪಕ್ಕದಲ್ಲಿ ಬಂದು ನಿಂತರೆ ಅವರು ಟ್ಯಾಂಕಿನ ಮೇಲಿನ ಅಕ್ಷರವನ್ನು ತೋಳಿನಲ್ಲಿ ಒರೆಸುತ್ತಿದ್ದರು, ಕಾಣಲಿ ಎಂದು.

ಒರೆಸಿದ್ದೇ ಬಂತು. ಅಕ್ಟೋಬರಿನ ಅರಬ್-ಇಸ್ರೇಲ್ ಯುದ್ಧದ ಬೆನ್ನಿಗೆ ಅರಬ್ ದೇಶಗಳು ತೈಲದ ನಲ್ಲಿ ತಿರುಗಿಸಿದ್ದರಿಂದ, ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ಪೆಟ್ರೋಲ್ ದರ ಏರಿದ್ದನ್ನು ಪ್ರತಿಭಟಿಸಿ ವಾಜಪೇಯಿ ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಬಂದದ್ದು ಆ ನವೆಂಬರಿನಲ್ಲೇ. ಅಪ್ಪನಿಗೆ ಎತ್ತಿನ ಗಾಡಿ ಇರಲಿಲ್ಲ. ಜಾವಾಕ್ಕೆ ಹಳೇ ಬೆಡ್‌ಶೀಟು ಹೊದಿಸಿ ಬಸ್ಸು ಹತ್ತಿದರು.

ಹೆಸರಿನ ಸಂಭ್ರಮವಾದರೂ ಎಷ್ಟು ದಿನ? ಅದೇ ತಿಂಗಳು ಮೈಸೂರಿನ ಒಂದು ಸಭೆಯಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದುಬಿಟ್ಟರು. ಊರೂರಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು, ಮಂತ್ರಿಗಿರಿ ಹೋಯಿತು. ಮಾಮಾ ಮತ್ತು ತಾತ ಜೀವಮಾನದಲ್ಲಿ ಮೊದಲ ಸಲ ಒಂದೇ ಪಕ್ಷದಲ್ಲಿ ನಿಂತು ಬೈದರು. ಭಾಷಣದಲ್ಲಿ ಏನಿತ್ತೆಂದು ಇಬ್ಬರೂ ಓದಿರಲಿಲ್ಲ. ಆ ಗಲಾಟೆಯ ಒಡಲಿನಿಂದ ಎದ್ದು ಬಂದ ದಲಿತ ಬರಹಗಾರರ ಪುಸ್ತಕಗಳನ್ನು ಮಾಮಾ ವರ್ಷಗಳ ನಂತರ ಒಂದೊಂದೇ ಓದಿ, "ಬೂಸಾ ಅಂದಿದ್ದು ಪೂರ್ತಿ ತಪ್ಪೇನಿರಲಿಲ್ಲ ಬಿಡು" ಎಂದು ನನ್ನ ಹತ್ತಿರ ಹೇಳಿದ್ದುಂಟು. ತಾತನ ಹತ್ತಿರ ಹೇಳಲಿಲ್ಲ.

ಸಾಹಿತ್ಯದಲ್ಲೂ ಇಬ್ಬರ ಲೆಕ್ಕ ಬೇರೆ ಬೇರೆ. ನನ್ನ ವರ್ಷದ ಜ್ಞಾನಪೀಠ ಬೇಂದ್ರೆಯವರಿಗೆ, 'ನಾಕು ತಂತಿ'ಗಾಗಿ. ಅದರಲ್ಲಿ ಅರ್ಧ ಒಡಿಯಾದ ಗೋಪೀನಾಥ ಮೊಹಾಂತಿಯವರಿಗೆ ಹೋಯಿತೆಂಬುದನ್ನು ಮಾಮಾ ಎಂದೂ ಬಾಯಿಬಿಡಲಿಲ್ಲ. ತಾತ ಕೂಡಲೇ, "1967ರಲ್ಲೇ ನಮ್ಮ ಕುವೆಂಪು ತಂದರು" ಅನ್ನುತ್ತಿದ್ದರು. ಅದರಲ್ಲೂ ಅರ್ಧ ಗುಜರಾತಿಯ ಉಮಾಶಂಕರ ಜೋಶಿಯವರದು. ಅದು ತಾತನ ಬಾಯಿಂದ ಬರಲಿಲ್ಲ. ಒಟ್ಟಿನಲ್ಲಿ ನಮ್ಮ ಮನೆಯಲ್ಲಿ ಎರಡು ಪೂರ್ತಿ ಜ್ಞಾನಪೀಠ ಇದ್ದವು.

ನಿಜವಾದ ಕಾಳಗ ಕ್ರಿಕೆಟ್ಟಿನಲ್ಲಿ. ಅಲ್ಲಿಯವರೆಗೆ ಮೈಸೂರು ಎಂದೇ ರಣಜಿ ಆಡುತ್ತಿದ್ದ ತಂಡ 1973-74ರಲ್ಲಿ ಕರ್ನಾಟಕ ಎಂದು ಕಣಕ್ಕಿಳಿಯಿತು. ಸತತ ಹದಿನೈದು ವರ್ಷ ಟ್ರೋಫಿಯನ್ನು ಯಾರಿಗೂ ಮುಟ್ಟಗೊಡದ ಬಾಂಬೆಯನ್ನು ಸೆಮಿಫೈನಲ್ಲಿನಲ್ಲಿ ಬೆಂಗಳೂರಿನಲ್ಲೇ ಕೆಡವಿತು. ಆಮೇಲೆ ರಾಜಸ್ಥಾನವನ್ನು ಸೋಲಿಸಿ ಮೊದಲ ಸಲ ಟ್ರೋಫಿ ಎತ್ತಿತು. ಮಾಮಾನಿಂದ ಮೈಸೂರಿಗೆ ಕಾರ್ಡು ಹೋಯಿತು: "ಹೆಸರು ಬದಲಾತು, ನಸೀಬು ಬದಲಾತು. ಇಷ್ಟ ವರ್ಷ ನಿಮ್ಮ ಹೆಸರಿನ್ಯಾಗ ಆಡಿ ಏನ ಗೆದ್ದ್ರಿ ಬೀಗರ?" ಮರುಟಪಾಲಿಗೆ ತಾತನ ಉತ್ತರ: "ಪ್ರಸನ್ನ, ವಿಶ್ವನಾಥ್, ಚಂದ್ರಶೇಖರ್. ಮೂವರೂ ನಮ್ಮ ಹಳೇ ಮೈಸೂರಿನವರೇ. ನಿಮ್ಮ ಕಡೆಯ ಒಬ್ಬ ಹುಡುಗನ ಹೆಸರು ಹೇಳಿ."

ಮಾಮಾ ಆ ಕಾರ್ಡನ್ನು ಜೋಪಾನವಾಗಿ ಇಟ್ಟುಕೊಂಡು ಕಾದರು. ನಾನು ಶಾಲೆ ಮುಗಿಸಿದೆ, ಕಾಲೇಜು ಮುಗಿಸಿದೆ, ಮದುವೆಯಾದೆ. 1999ರ ಸೆಪ್ಟೆಂಬರಿನಲ್ಲಿ ನೈರೋಬಿಯಲ್ಲಿ ಗದುಗಿನ ಸುನಿಲ್ ಜೋಶಿ ದಕ್ಷಿಣ ಆಫ್ರಿಕದ ವಿರುದ್ಧ 10 ಓವರ್ ಹಾಕಿ, ಅದರಲ್ಲಿ 6 ಮೇಡನ್ ಮಾಡಿ, 6 ರನ್ ಕೊಟ್ಟು 5 ವಿಕೆಟ್ ಕಿತ್ತ ರಾತ್ರಿ ಮೈಸೂರಿನ ಮನೆಯ ಫೋನು ಹೊಡೆದುಕೊಂಡಿತು. ಅಂಗಳದಾಚೆಗೂ ಕೇಳುವ ಹಾಗೆ ಮಾಮಾನ ದನಿ: "ಬೀಗರ, ಹೆಸರು ಕೇಳಿದ್ರಲ್ಲ? ಬರಕೋರಿ! ನಮ್ಮ ಧಾರವಾಡ ಜಿಲ್ಲಾದ ಹುಡುಗ!"

ತಾತನಿಗೆ ಕಿವಿ ಮಂದ, ದಿನಪತ್ರಿಕೆ ಓದುವ ಕಣ್ಣು ಮಾತ್ರ ಚುರುಕು. ನಿಧಾನವಾಗಿ ಕನ್ನಡಕ ಸರಿಮಾಡಿಕೊಂಡು ಹೇಳಿದರು: "ಗದಗ ಬೇರೆ ಜಿಲ್ಲೆ ಆಗಿ ಎರಡು ವರ್ಷ ಆಯ್ತು ಕಣಯ್ಯ. ಧಾರವಾಡದ್ದು ಇದ್ದರೆ ಹೇಳು."